ತಾನು ಕಾಣದ ನಾಡನ್ನು ಕಟ್ಟಿದ ಸೆಸಿಲ್ ಕಲ್ವರ್ಟ್

ಅಮೆರಿಕ ಸಂಯುಕ್ತ ಸಂಸ್ಥಾನದ ಮೊತ್ತಮೊದಲ ಕಥೋಲಿಕ ಧರ್ಮಪ್ರಾಂತ್ಯ ಬಾಲ್ಟಿಮೋರ್. ಅದು ಸ್ಥಾಪನೆಯಾದದ್ದು 1789ರಲ್ಲಿ. ಬಾಲ್ಟಿಮೋರ್ ಎಂಬುದು ಒಂದು ಆಂಗ್ಲ ಕಥೋಲಿಕ ಕುಟುಂಬಕ್ಕೆ ದೊರೆತಿದ್ದ ಬಿರುದು. ಆ ಬಿರುದನ್ನು ಹೊತ್ತ ಎರಡನೆಯವರಾದ ಸೆಸಿಲ್ ಕಲ್ವರ್ಟ್ ಅವರು ಮೇರಿಲ್ಯಾಂಡ್ ಎಂಬ ವಸಾಹತನ್ನು ಸ್ಥಾಪಿಸಿ 43 ವರ್ಷ ಅದರ ಒಡೆಯರಾಗಿದ್ದರು. ಆದರೆ ಒಂದು ದಿನವೂ ಆ ನೆಲದ ಮೇಲೆ ಕಾಲಿಡಲಿಲ್ಲ. ಅವರ ಬದುಕಿನಲ್ಲಿ ನಾವು ಮೆಚ್ಚಬೇಕಾದದ್ದೂ ಇದೆ, ತಲೆತಗ್ಗಿಸಿ ಯೋಚಿಸಬೇಕಾದದ್ದೂ ಇದೆ.

ತಂದೆಯ ಕನಸು

ಸೆಸಿಲ್ ಹುಟ್ಟಿದ್ದು 1605ರ ಆಗಸ್ಟ್ 8ರಂದು, ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ. ತಂದೆ ಜಾರ್ಜ್ ಕಲ್ವರ್ಟ್ ಅವರು ಅರಸ ಒಂದನೇ ಜೇಮ್ಸನ ಆಡಳಿತದಲ್ಲಿ ಮೇಲೇರಿ, 1619ರಲ್ಲಿ ರಾಜ್ಯ ಕಾರ್ಯದರ್ಶಿಯಾದರು. ಮಗ ಆಕ್ಸ್‌ಫರ್ಡಿನ ಟ್ರಿನಿಟಿ ಕಾಲೇಜಿನಲ್ಲಿ ಓದಿದರು. ಎಲ್ಲವೂ ಸುಸೂತ್ರವಾಗಿತ್ತು. ಆದರೆ 1625ರಲ್ಲಿ ಜಾರ್ಜ್ ತಾನು ಕಥೋಲಿಕನೆಂದು ಬಹಿರಂಗವಾಗಿ ಹೇಳಿ ಪದವಿಗೆ ರಾಜೀನಾಮೆ ಕೊಟ್ಟರು. ಆ ಕಾಲದ ಇಂಗ್ಲೆಂಡಿನಲ್ಲಿ ಇದು ಸಣ್ಣ ಮಾತಲ್ಲ. ಕಥೋಲಿಕರಿಗೆ ಸರಕಾರಿ ಹುದ್ದೆ ಇರಲಿಲ್ಲ, ಬಲಿಪೂಜೆ ಅರ್ಪಿಸುವುದು ಅಪರಾಧವಾಗಿತ್ತು, ಆಂಗ್ಲಿಕನ್ ಆರಾಧನೆಗೆ ಹೋಗದವರು ದಂಡ ತೆರಬೇಕಿತ್ತು. ಅರಸನಿಗೆ ಜಾರ್ಜ್ ಮೇಲೆ ಪ್ರೀತಿ ಇದ್ದುದರಿಂದ ಐರ್ಲೆಂಡಿನ ಬಾಲ್ಟಿಮೋರ್ ಬ್ಯಾರನ್ ಎಂಬ ಬಿರುದು ಸಿಕ್ಕಿತು.

ಜಾರ್ಜ್ ಅವರಿಗೆ ಸಮುದ್ರದಾಚೆ ಒಂದು ವಸಾಹತು ಕಟ್ಟುವ ಹಂಬಲ. ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಫೆರಿಲ್ಯಾಂಡಿನಲ್ಲಿ 1621ರಲ್ಲೇ ಅವರ ಜನ ನೆಲೆಸಿದ್ದರು. ಅಲ್ಲಿ ಮೀನುಗಾರಿಕೆಯೇ ಮುಖ್ಯ ಆದಾಯ. 1628ರಲ್ಲಿ ಕುಟುಂಬ ಸಮೇತ ಅಲ್ಲಿಗೆ ಹೋದ ಜಾರ್ಜ್, ಒಂದೇ ಚಳಿಗಾಲದಲ್ಲಿ ಸೋತುಹೋದರು. ಸುಮಾರು ನೂರು ಮಂದಿಯಲ್ಲಿ ಅರ್ಧದಷ್ಟು ಜನ ಕಾಯಿಲೆ ಬಿದ್ದರು, ಒಂಬತ್ತು ಹತ್ತು ಮಂದಿ ತೀರಿಕೊಂಡರು. ಅಲ್ಲಿಂದ ದಕ್ಷಿಣಕ್ಕೆ ವರ್ಜೀನಿಯಕ್ಕೆ ಹೋದರೆ, ಅರಸನೇ ಧರ್ಮಸಭೆಯ ಶಿರಸ್ಸು ಎಂದು ಪ್ರಮಾಣ ಮಾಡಬೇಕೆಂದು ಅಲ್ಲಿನವರು ಪಟ್ಟುಹಿಡಿದರು. ಜಾರ್ಜ್ ಒಪ್ಪದೆ ಮರಳಿದರು. ಚೆಸಪೀಕ್ ಕೊಲ್ಲಿಯ ಬಳಿ ಬೇರೆ ಭೂಮಿ ಕೊಡುವಂತೆ ಅರಸ ಒಂದನೇ ಚಾರ್ಲ್ಸನಲ್ಲಿ ಬೇಡಿದರು. ಆದರೆ ಸನ್ನದಿಗೆ ಮುದ್ರೆ ಬೀಳುವ ಮೊದಲೇ, 1632ರ ಏಪ್ರಿಲ್ 15ರಂದು ತೀರಿಕೊಂಡರು. ಅದೇ ವರ್ಷ ಜೂನ್ 20ರಂದು ಸನ್ನದು ಮಗ ಸೆಸಿಲ್ ಹೆಸರಿಗೆ ಬಂತು. ಆಗ ಅವರ ವಯಸ್ಸು 26.

ಎರಡು ಬಾಣಗಳ ಕಪ್ಪ

ಹೊಸ ನಾಡಿಗೆ ರಾಣಿ ಹೆನ್ರಿಯೆಟಾ ಮರಿಯ ಅವರ ಹೆಸರಿನಿಂದ ಮೇರಿಲ್ಯಾಂಡ್ ಎಂದು ಹೆಸರಾಯಿತು. ಸನ್ನದಿನಲ್ಲಿ ಸೆಸಿಲ್ ಅವರಿಗೆ ಸಿಕ್ಕಿದ ಅಧಿಕಾರ ಅಸಾಮಾನ್ಯವಾದದ್ದು. ಭೂಮಿ ಹಂಚುವುದು, ನ್ಯಾಯಾಲಯ ಸ್ಥಾಪಿಸುವುದು, ಅಧಿಕಾರಿಗಳನ್ನು ನೇಮಿಸುವುದು ಎಲ್ಲವೂ ಅವರದ್ದೇ. ಶಾಸನಕ್ಕೆ ಮಾತ್ರ ಅಲ್ಲಿನ ಸ್ವತಂತ್ರ ನಿವಾಸಿಗಳ ಒಪ್ಪಿಗೆ ಬೇಕಿತ್ತು. ಇದಕ್ಕೆ ಪ್ರತಿಯಾಗಿ ಅರಸನಿಗೆ ಸಲ್ಲಬೇಕಾದ ಕಪ್ಪ ವರ್ಷಕ್ಕೆ ಆ ನಾಡಿನ ಮೂಲನಿವಾಸಿಗಳ ಎರಡು ಬಾಣಗಳು, ಮತ್ತು ಚಿನ್ನ ಬೆಳ್ಳಿಯ ಅದಿರು ದೊರೆತರೆ ಅದರಲ್ಲಿ ಐದನೇ ಒಂದು ಪಾಲು. ಬಾಣಗಳನ್ನು ಈಸ್ಟರ್ ವಾರದಲ್ಲಿ ವಿಂಡ್ಸರ್ ಕೋಟೆಗೆ ತಲುಪಿಸಬೇಕಿತ್ತು.

ಸೆಸಿಲ್ ತಾವೇ ಹೊರಡಬೇಕೆಂದಿದ್ದರು. ಆದರೆ ವರ್ಜೀನಿಯದ ಹಿತಾಸಕ್ತಿಗಳು ಸನ್ನದನ್ನು ರದ್ದುಮಾಡಿಸಲು ಲಂಡನ್ನಿನಲ್ಲಿ ಹೊಂಚು ಹಾಕುತ್ತಿದ್ದವು. ಮನೆ ಬಿಟ್ಟರೆ ಮನೆಯೇ ಹೋಗುವ ಸ್ಥಿತಿ. ಆದ್ದರಿಂದ ತಮ್ಮ ಲೆನಾರ್ಡ್ ಅವರನ್ನು ರಾಜ್ಯಪಾಲರಾಗಿ ಕಳಿಸಿ ತಾವು ಇಂಗ್ಲೆಂಡಿನಲ್ಲೇ ಉಳಿದರು.

ಮಂಗಳವಾರ್ತೆಯ ದಿನ

1633ರ ನವೆಂಬರ್ 22ರಂದು ಆರ್ಕ್ ಮತ್ತು ಡವ್ ಎಂಬ ಎರಡು ಹಡಗುಗಳು ವೈಟ್ ದ್ವೀಪದಿಂದ ಹೊರಟವು. ಸುಮಾರು 140 ಮಂದಿ ಪ್ರಯಾಣಿಕರು. ಹಣ ಹೂಡಿದ ಶ್ರೀಮಂತರಲ್ಲಿ ಹೆಚ್ಚಿನವರು ಕಥೋಲಿಕರು, ದುಡಿಯಲು ಹೊರಟವರಲ್ಲಿ ಹೆಚ್ಚಿನವರು ಪ್ರೊಟೆಸ್ಟೆಂಟರು. ಯೇಸುಸಭೆಯ ಫಾದರ್ ಆಂಡ್ರ್ಯೂ ವೈಟ್ ಮತ್ತು ಫಾದರ್ ಜಾನ್ ಆಲ್ಥಮ್ ಕೂಡ ಜೊತೆಗಿದ್ದರು. ಹೊರಡುವ ಮೊದಲು ಸೆಸಿಲ್ ಕೊಟ್ಟ ಲಿಖಿತ ಸೂಚನೆಗಳಲ್ಲಿ ಮುಖ್ಯವಾದದ್ದು ಇದು: ಕಥೋಲಿಕರು ತಮ್ಮ ಆರಾಧನೆಯನ್ನು ಸದ್ದಿಲ್ಲದೆ ನಡೆಸಬೇಕು, ಧರ್ಮದ ವಿಷಯದಲ್ಲಿ ಪ್ರೊಟೆಸ್ಟೆಂಟರೊಂದಿಗೆ ವಾದಕ್ಕಿಳಿಯಬಾರದು, ಅವರ ಮನಸ್ಸು ನೋಯಿಸಬಾರದು. ತಾವೇ ಕಿರುಕುಳ ಅನುಭವಿಸಿದ ಮನೆತನದವರು ಅಧಿಕಾರ ಸಿಕ್ಕಾಗ ಮೊದಲು ಬರೆದ ಮಾತು ಇದು ಎಂಬುದನ್ನು ಗಮನಿಸಬೇಕು.

ಬಿರುಗಾಳಿ, ಬಾರ್ಬಡೋಸ್, ಚೆಸಪೀಕ್ ದಾಟಿ, 1634ರ ಮಾರ್ಚ್ 25ರಂದು, ಮಂಗಳವಾರ್ತೆಯ ಹಬ್ಬದಂದು, ಸೈಂಟ್ ಕ್ಲೆಮೆಂಟ್ ದ್ವೀಪದಲ್ಲಿ ಫಾದರ್ ವೈಟ್ ಬಲಿಪೂಜೆ ಅರ್ಪಿಸಿದರು. ಬಳಿಕ ಯಾವೊಕೊಮಿಕೊ ಎಂಬ ಮೂಲನಿವಾಸಿಗಳಿಂದ ಕೊಡಲಿ, ಗುದ್ದಲಿ, ಬಟ್ಟೆ ಕೊಟ್ಟು ಊರಿನ ಜಾಗ ಪಡೆದರು. ಅದೇ ಸೈಂಟ್ ಮೇರೀಸ್. ಮೂಲನಿವಾಸಿಗಳು ಉಳುಮೆ ಮಾಡಿದ ಹೊಲ ಸಿದ್ಧವಾಗಿದ್ದುದರಿಂದ ವರ್ಜೀನಿಯದ ಮೊದಲ ದಿನಗಳ ಹಸಿವು ಇಲ್ಲಿ ಬರಲಿಲ್ಲ. ಮೊದಲ ವರ್ಷವೇ ಮೆಕ್ಕೆಜೋಳವನ್ನು ಮ್ಯಾಸಚೂಸೆಟ್ಸ್‌ಗೆ ಕಳಿಸಿದರು.

ಹೊಗೆಸೊಪ್ಪೇ ಹಣ

ನಾಡು ಬೆಳೆದದ್ದು ಭೂಮಿಯ ಆಸೆಯಿಂದ. ಹೆಚ್ಚು ಕೆಲಸಗಾರರನ್ನು ಕರೆತಂದವರಿಗೆ ಹೆಚ್ಚು ಭೂಮಿ ಎಂಬುದು ಸೆಸಿಲ್ ಅವರ ನಿಯಮ. ಒಕ್ಕಲುಗಳು ವರ್ಷಕ್ಕಿಷ್ಟೆಂದು ಗೇಣಿ ಕೊಡಬೇಕು. ಬಡವರು ಹಡಗಿನ ಖರ್ಚಿಗೆ ಬದಲಾಗಿ ಸಾಮಾನ್ಯವಾಗಿ ನಾಲ್ಕೈದು ವರ್ಷ ಕರಾರಿನ ಮೇಲೆ ದುಡಿಯುತ್ತಿದ್ದರು. ಅವಧಿ ಮುಗಿದಾಗ ಬಟ್ಟೆ, ಜೋಳ, ಹತಾರು ಮತ್ತು 50 ಎಕರೆ ಭೂಮಿಯ ಹಕ್ಕು. ಹೀಗೆ ಆಳಾಗಿ ಬಂದು ರೈತರಾದವರು ಅನೇಕರು. ಜ್ವರಕ್ಕೆ ಬಲಿಯಾಗಿ ಕರಾರು ಮುಗಿಯುವ ಮೊದಲೇ ಮಣ್ಣಾದವರೂ ಅನೇಕರು.

ಬೆಳೆ ಒಂದೇ, ಹೊಗೆಸೊಪ್ಪು. ಅದೇ ಹಣ. ಗೇಣಿ, ಸಾಲ, ದಂಡ, ಸಂಬಳ ಎಲ್ಲವನ್ನೂ ಹೊಗೆಸೊಪ್ಪಿನ ಪೌಂಡುಗಳಲ್ಲೇ ಲೆಕ್ಕ ಹಾಕುತ್ತಿದ್ದರು. ಇಂಗ್ಲೆಂಡಿನಲ್ಲಿ ಬೆಲೆ ಬಿದ್ದರೆ ಇಡೀ ನಾಡು ಬಡವಾಗುತ್ತಿತ್ತು. ಆದರೂ 1670ರ ಹೊತ್ತಿಗೆ ಜನಸಂಖ್ಯೆ ಹತ್ತು ಸಾವಿರ ಮೀರಿತ್ತು.

ಆರ್ಕ್ ಹಡಗಿನಲ್ಲಿ ಬಂದವರಲ್ಲಿ ಮಥಾಯಸ್ ಡಿ ಸೋಜ ಎಂಬವರೊಬ್ಬರಿದ್ದರು. ಪೋರ್ಚುಗೀಸರಿಂದ ಬಂದ ಈ ಹೆಸರು ನಮ್ಮ ಕರಾವಳಿಯವರಿಗೆ ಪರಿಚಿತವೇ. ಆಫ್ರಿಕ ಮೂಲದ ಅವರು ಯೇಸುಸಭೆಯವರಲ್ಲಿ ಕರಾರಿನ ಆಳಾಗಿದ್ದು, ಅವಧಿ ಮುಗಿಸಿ ಸ್ವತಂತ್ರರಾಗಿ, 1642ರಲ್ಲಿ ನಾಡಿನ ಸಭೆಯಲ್ಲಿ ಕುಳಿತರು.

ಗುರುಗಳೊಂದಿಗೆ ತಕರಾರು

ಯೇಸುಸಭೆಯ ಗುರುಗಳು ಮೂಲನಿವಾಸಿಗಳ ನಡುವೆ ಸೇವೆಗಿಳಿದರು. 1640ರಲ್ಲಿ ಪಿಸ್ಕಾಟವೆ ಜನರ ಮುಖಂಡ ಕಿಟಮಕುಂಡ್ ಅವರಿಗೆ ಫಾದರ್ ವೈಟ್ ಜ್ಞಾನಸ್ನಾನ ಕೊಟ್ಟರು. ಆದರೆ ಗುರುಗಳು ಮೂಲನಿವಾಸಿಗಳಿಂದ ನೇರವಾಗಿ ಭೂಮಿ ಪಡೆದಾಗ ಸೆಸಿಲ್ ಒಪ್ಪಲಿಲ್ಲ. ಭೂಮಿ ಯಾರಿಗೇ ಹೋಗಲಿ ತನ್ನ ಮೂಲಕವೇ ಹೋಗಬೇಕು, ಗುರುಗಳಿಗೂ ಇತರರಿಗಿರುವ ಕಾನೂನೇ ಎಂದರು. ಇಂಗ್ಲೆಂಡಿನ ಶತ್ರುಗಳು ಇದನ್ನು ಪೋಪರ ನಾಡೆಂದು ದೂರದಂತೆ ನೋಡಿಕೊಳ್ಳುವುದೂ ಅವರಿಗೆ ಬೇಕಿತ್ತು. ವರ್ಷಗಟ್ಟಲೆ ನಡೆದ ಈ ತಕರಾರಿನಲ್ಲಿ ಕೊನೆಗೆ ಸೆಸಿಲ್ ಅವರ ಮಾತೇ ನಡೆಯಿತು.

1645ರಲ್ಲಿ ರಿಚರ್ಡ್ ಇಂಗಲ್ ಎಂಬ ಹಡಗಿನ ಕಪ್ತಾನ ಸೈಂಟ್ ಮೇರೀಸನ್ನು ಲೂಟಿ ಮಾಡಿ, ಫಾದರ್ ವೈಟ್ ಅವರನ್ನು ಸಂಕೋಲೆ ತೊಡಿಸಿ ಲಂಡನ್ನಿಗೆ ಒಯ್ದ. ಅವರು ಮತ್ತೆ ಮೇರಿಲ್ಯಾಂಡ್ ಕಾಣಲಿಲ್ಲ. ಲೆನಾರ್ಡ್ ಊರನ್ನು ಮರಳಿ ಪಡೆದರೂ 1647ರಲ್ಲಿ ತೀರಿಕೊಂಡರು. ಅವರ ಆಸ್ತಿಯ ಹೊಣೆ ಹೊತ್ತ ಮಾರ್ಗರೆಟ್ ಬ್ರೆಂಟ್ ಎಂಬ ಕಥೋಲಿಕ ಮಹಿಳೆ, ಸಂಬಳವಿಲ್ಲದೆ ದಂಗೆಗೆ ತಯಾರಾಗಿದ್ದ ಸೈನಿಕರಿಗೆ ಸೆಸಿಲ್ ಅವರ ಜಾನುವಾರು ಮಾರಿ ಹಣ ಕೊಟ್ಟು ನಾಡನ್ನು ಉಳಿಸಿದರು. ದೂರದಲ್ಲಿದ್ದ ಸೆಸಿಲ್ ಸಿಟ್ಟಾದರು. ಆದರೆ ನಾಡಿನ ಸಭೆ ಆಕೆಯ ಪರ ನಿಂತಿತು.

1649ರ ಕಾಯಿದೆ

ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಅರಸನ ತಲೆಯೇ ಹೋಯಿತು. ಪ್ಯೂರಿಟನರ ಕೈ ಮೇಲಾಯಿತು. ಅರಸನ ಸಾವಿಗೆ ಮೊದಲೇ ಸೆಸಿಲ್ ಪ್ರೊಟೆಸ್ಟೆಂಟ್ ವಿಲಿಯಂ ಸ್ಟೋನ್ ಅವರನ್ನು ರಾಜ್ಯಪಾಲರನ್ನಾಗಿ ಮಾಡಿದ್ದರು. 1649ರ ಏಪ್ರಿಲ್ 21ರಂದು ನಾಡಿನ ಸಭೆ ಧರ್ಮದ ಕುರಿತ ಕಾಯಿದೆಯನ್ನು ಅಂಗೀಕರಿಸಿತು. ಯೇಸುಕ್ರಿಸ್ತರಲ್ಲಿ ವಿಶ್ವಾಸವಿಟ್ಟ ಯಾರನ್ನೂ ಅವರ ಆರಾಧನೆಗಾಗಿ ಹಿಂಸಿಸಬಾರದು ಎಂಬುದು ಅದರ ತಿರುಳು. ಒಬ್ಬರ ಧರ್ಮವನ್ನು ಹೀಗಳೆದು ಅಡ್ಡಹೆಸರಿನಿಂದ ಕರೆದವರಿಗೆ ದಂಡ. ಆದರೆ ತ್ರೈಏಕತ್ವವನ್ನು ನಿರಾಕರಿಸಿದವರಿಗೆ ಮರಣದಂಡನೆ. ಹೀಗೆ ಅದು ಅರ್ಧ ತೆರೆದ ಬಾಗಿಲು ಮಾತ್ರ.

ಆ ಬಾಗಿಲಿನಿಂದ ಒಳಬಂದ ಪ್ಯೂರಿಟನರೇ 1654ರಲ್ಲಿ ಅಧಿಕಾರ ಹಿಡಿದು ಕಾಯಿದೆಯನ್ನು ರದ್ದುಮಾಡಿದರು, ಕಥೋಲಿಕರಿಗೆ ರಕ್ಷಣೆ ಇಲ್ಲವೆಂದರು. 1655ರ ಮಾರ್ಚ್ 25ರಂದು ಸೆವರ್ನ್ ನದಿಯ ಬಳಿ ಕಾಳಗ ನಡೆದು ಸೆಸಿಲ್ ಕಡೆಯವರು ಸೋತರು. ಮೊದಲ ಬಲಿಪೂಜೆಯ ದಿನಕ್ಕೆ ಸರಿಯಾಗಿ 21 ವರ್ಷ. ಸೆಸಿಲ್ ಖಡ್ಗ ಹಿಡಿಯಲಿಲ್ಲ. ಲಂಡನ್ನಿನಲ್ಲಿ ಕಾಗದಪತ್ರ ಹಿಡಿದು ತಾಳ್ಮೆಯಿಂದ ವಾದಿಸಿದರು. 1657ರಲ್ಲಿ ಒಪ್ಪಂದವಾಗಿ, ಮರುವರ್ಷ ನಾಡೂ ಕಾಯಿದೆಯೂ ಮರಳಿ ಬಂದವು.

ಮಾಸದ ಕಲೆ

ಇಷ್ಟು ಹೇಳಿ ನಿಲ್ಲಿಸಿದರೆ ಸತ್ಯಕ್ಕೆ ಅಪಚಾರವಾಗುತ್ತದೆ. ಹೊಗೆಸೊಪ್ಪಿನ ಹೊಲಗಳಿಗೆ ಆಳು ಸಾಲದಾದಾಗ ಮೇರಿಲ್ಯಾಂಡ್ ಆಫ್ರಿಕದವರನ್ನು ಗುಲಾಮರನ್ನಾಗಿ ತಂದಿತು. 1664ರಲ್ಲಿ ಅವರೂ ಅವರ ಮಕ್ಕಳೂ ಜೀವನಪರ್ಯಂತ ಗುಲಾಮರು ಎಂಬ ಕಾನೂನು ಬಂತು. 1671ರ ಕಾನೂನು ಜ್ಞಾನಸ್ನಾನ ಪಡೆದರೂ ಗುಲಾಮಗಿರಿ ತಪ್ಪದು ಎಂದಿತು. ಡಿ ಸೋಜ ಅವರಿಗೆ ತೆರೆದಿದ್ದ ದಾರಿ 30 ವರ್ಷಗಳಲ್ಲಿ ಮುಚ್ಚಿಹೋಯಿತು. ಇದೆಲ್ಲ ನಡೆದದ್ದು ಸೆಸಿಲ್ ಅವರ ಒಡೆತನದಲ್ಲೇ. ಮನಸ್ಸಾಕ್ಷಿಯ ಸ್ವಾತಂತ್ರ್ಯ ಕೊಟ್ಟ ನಾಡು ದೇಹದ ಸ್ವಾತಂತ್ರ್ಯವನ್ನು ಕಸಿಯಿತು. ಮುಂದೆ ಮೇರಿಲ್ಯಾಂಡಿನ ಯೇಸುಸಭೆಯವರೂ ಗುಲಾಮರನ್ನು ಇಟ್ಟುಕೊಂಡು, 1838ರಲ್ಲಿ 272 ಮಂದಿಯನ್ನು ಮಾರಿದರು. ಅದಕ್ಕಾಗಿ ಅವರು 2017ರಲ್ಲಿ ಆ ಕುಟುಂಬಗಳ ಮುಂದೆ ಕ್ಷಮೆ ಯಾಚಿಸಿದರು.

ಕೊನೆಯ ದಿನಗಳು

1661ರಲ್ಲಿ ಸೆಸಿಲ್ ಮಗ ಚಾರ್ಲ್ಸನನ್ನು ರಾಜ್ಯಪಾಲನನ್ನಾಗಿ ಕಳಿಸಿದರು. ಪತ್ನಿ ಆನ್ ಅರುಂಡೆಲ್ 1649ರಲ್ಲೇ ತೀರಿಕೊಂಡಿದ್ದರು. ಮೇರಿಲ್ಯಾಂಡಿನ ಒಂದು ಜಿಲ್ಲೆಗೆ ಇಂದಿಗೂ ಆಕೆಯ ಹೆಸರಿದೆ, ಇನ್ನೊಂದಕ್ಕೆ ಸೆಸಿಲ್ ಅವರದ್ದು. 1675ರ ನವೆಂಬರ್ 30ರಂದು, 70ನೇ ವಯಸ್ಸಿನಲ್ಲಿ ಅವರು ಇಂಗ್ಲೆಂಡಿನಲ್ಲಿ ನಿಧನರಾದರು.

ಅವರ ಶ್ರಮ ಹೆಚ್ಚು ಕಾಲ ಉಳಿಯಲಿಲ್ಲ. 1689ರ ದಂಗೆಯಲ್ಲಿ ಕಲ್ವರ್ಟ್ ಮನೆತನ ಆಡಳಿತ ಕಳೆದುಕೊಂಡಿತು. 1704ರಲ್ಲಿ ಸಾರ್ವಜನಿಕ ಬಲಿಪೂಜೆಗೆ ತಡೆ ಬಂತು, 1718ರಲ್ಲಿ ಕಥೋಲಿಕರು ಮತದಾನದ ಹಕ್ಕನ್ನೂ ಕಳೆದುಕೊಂಡರು. ಕಥೋಲಿಕರು ಕಟ್ಟಿದ ಊರಿನಲ್ಲಿ ಕಥೋಲಿಕರೇ ಮನೆಯೊಳಗೆ ಅಡಗಿ ಪ್ರಾರ್ಥಿಸಬೇಕಾಯಿತು. ಆದರೂ ಆ ವಿಶ್ವಾಸ ಆರಲಿಲ್ಲ. ಅದೇ ನೆಲದಿಂದ ಅಮೆರಿಕದ ಮೊದಲ ಬಿಷಪರಾದ ಜಾನ್ ಕ್ಯಾರೊಲ್ ಬಂದರು.

ಪ್ರಿಯ ಓದುಗರೇ, ತಾವು ಅಲ್ಪಸಂಖ್ಯಾತರಾಗಿದ್ದಾಗ ಬೇಡಿದ್ದನ್ನು ಅಧಿಕಾರ ಬಂದಾಗ ಇತರರಿಗೂ ಕೊಟ್ಟದ್ದು ಸೆಸಿಲ್ ಕಲ್ವರ್ಟ್ ಅವರ ದೊಡ್ಡತನ. ಆ ಔದಾರ್ಯ ಹೊಲದಲ್ಲಿ ದುಡಿಯುವ ಗುಲಾಮನವರೆಗೆ ತಲುಪದೆ ನಿಂತದ್ದು ಅವರ ಸೋಲು. ನಮ್ಮ ಔದಾರ್ಯ ಎಲ್ಲಿಗೆ ನಿಲ್ಲುತ್ತದೆ ಎಂದು ನಾವೂ ಒಮ್ಮೆ ನೋಡಿಕೊಳ್ಳೋಣ.