ದಂತವೈದ್ಯ ಮೆಕೇ

ಫ್ರೆಡರಿಕ್ ಮೆಕೇ ಅವರು 1874ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಜನಿಸಿದರು. ದಂತವೈದ್ಯರಾಗಿ 1901ರಲ್ಲಿ ಪಶ್ಚಿಮದ ಬೆಟ್ಟಗಳ ನಾಡಿನ ಕೊಲೊರಾಡೊ ಸ್ಪ್ರಿಂಗ್ಸ್ ಪಟ್ಟಣಕ್ಕೆ ಬಂದಾಗ ಅಲ್ಲಿ ಕಂಡ ನೋಟ ಅವರನ್ನು ಬೆರಗುಗೊಳಿಸಿತು. ಆ ಊರಿನಲ್ಲಿಯೇ ಹುಟ್ಟಿ ಬೆಳೆದವರ ಹಲ್ಲುಗಳ ಮೇಲೆ ಕಂದು ಕಲೆಗಳಿದ್ದವು. ಎಷ್ಟು ಉಜ್ಜಿದರೂ ಅವು ಹೋಗುತ್ತಿರಲಿಲ್ಲ. ಹಾಲು ಕಳಪೆಯೆಂದು ಕೆಲವರು, ಹಂದಿಯ ಮಾಂಸ ಹೆಚ್ಚಾಯಿತೆಂದು ಕೆಲವರು ಕಾರಣ ಹೇಳಿ ಸುಮ್ಮನಾಗಿದ್ದರು.

ಮೆಕೇ ಸುಮ್ಮನಾಗಲಿಲ್ಲ. ಪ್ರಖ್ಯಾತ ವಿದ್ವಾಂಸ ಬ್ಲ್ಯಾಕ್ ಅವರನ್ನು 1909ರಲ್ಲಿ ತಮ್ಮೂರಿಗೆ ಕರೆಸಿಕೊಂಡರು. ಹಲ್ಲು ರೂಪುಗೊಳ್ಳುವ ಎಳವೆಯಲ್ಲಿ ಮಾತ್ರ ಕಲೆ ಮೂಡುತ್ತದೆಂಬುದು ತಿಳಿದುಬಂದಿತು. ಇನ್ನೊಂದು ಸೋಜಿಗವೂ ಕಣ್ಣಿಗೆ ಬಿದ್ದಿತು. ನೋಡಲು ವಿಕಾರವಾದ ಆ ಹಲ್ಲುಗಳು ಸುಲಭವಾಗಿ ಹುಳುಕಾಗುತ್ತಿರಲಿಲ್ಲ! 1915ರಲ್ಲಿ ಬ್ಲ್ಯಾಕ್ ತೀರಿಕೊಂಡರೂ ಮೆಕೇ ಕೆಲಸವನ್ನು ಕೈಬಿಡಲಿಲ್ಲ.

1923ರಲ್ಲಿ ಐಡಾಹೊ ರಾಜ್ಯದ ಓಕ್ಲಿ ಎಂಬ ಊರಿಗೆ ಹೋದರು. ದೂರದ ಬಿಸಿನೀರಿನ ಬುಗ್ಗೆಯಿಂದ ಕೊಳವೆಯಲ್ಲಿ ನೀರು ತಂದ ಮೇಲೆಯೇ ಮಕ್ಕಳ ಹಲ್ಲು ಕೆಟ್ಟವೆಂದು ಅಲ್ಲಿಯ ತಾಯಂದಿರು ಹೇಳಿದರು. ನೀರನ್ನು ಪರೀಕ್ಷಿಸಿದರೆ ದೋಷವೇನೂ ಕಾಣಲಿಲ್ಲ. ಆದರೂ ಮೆಕೇ ಆ ಕೊಳವೆಯನ್ನು ಬಿಡುವಂತೆ ಸಲಹೆಯಿತ್ತರು. ಪ್ರಯೋಗಾಲಯದ ಕಾಗದಕ್ಕಿಂತ ತಾಯಂದಿರ ಮಾತನ್ನು ನಂಬಿದ್ದು ಅವರ ದೊಡ್ಡತನವೆಂದೇ ಹೇಳಬೇಕು. ಕೆಲವೇ ವರ್ಷಗಳಲ್ಲಿ ಕಿರಿಯ ಮಕ್ಕಳಿಗೆ ಕಲೆಯಿಲ್ಲದ ಹಲ್ಲುಗಳು ಮೂಡಿದವು.

ಕಾರಣ ಮಾತ್ರ ತಿಳಿಯಲಿಲ್ಲ. ಆರ್ಕನ್ಸಾ ರಾಜ್ಯದಲ್ಲಿ ಅಲ್ಯೂಮಿನಿಯಂ ಕಂಪನಿಯೊಂದಕ್ಕೆ ಸೇರಿದ ಬಾಕ್ಸೈಟ್ ಎಂಬ ಊರಿನಲ್ಲಿಯೂ ಇವೇ ಕಲೆಗಳು ಕಂಡಿದ್ದವು. ಅಲ್ಯೂಮಿನಿಯಂ ಪಾತ್ರೆ ವಿಷವೆಂಬ ವದಂತಿಯಿಂದ ಮೊದಲೇ ಬೇಸತ್ತಿದ್ದ ಕಂಪನಿಯ ರಸಾಯನಶಾಸ್ತ್ರಜ್ಞ ಚರ್ಚಿಲ್ ಹೊಸ ವಿಧಾನದಿಂದ ಆ ನೀರನ್ನು ಪರೀಕ್ಷಿಸಿದರು. ಫಲಿತಾಂಶವನ್ನು ನಂಬಲಾಗದೆ ಮತ್ತೊಮ್ಮೆ ಪರೀಕ್ಷಿಸಿದರು. ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 13 ಮಿಲಿಗ್ರಾಂ ಮೀರಿತ್ತು. 1931ರಲ್ಲಿ ಅವರ ಪತ್ರ ಮೆಕೇ ಅವರ ಕೈಸೇರಿತು. ಮೂವತ್ತು ವರ್ಷಗಳ ಒಗಟು ಬಿಡಿಸಿತ್ತು. ನಮ್ಮ ಬಾಗೇಪಲ್ಲಿ, ಮುಂಡರಗಿ ಸೀಮೆಗಳ ಹಲವು ಕೊಳವೆ ಬಾವಿಗಳಲ್ಲಿಯೂ ಫ್ಲೋರೈಡ್ ಮಿತಿಮೀರಿದೆ. ಅತಿಯಾದರೆ ಅದು ಹಲ್ಲನ್ನಷ್ಟೇ ಅಲ್ಲ, ಮೂಳೆಯನ್ನೂ ಬಾಧಿಸುತ್ತದೆ.

ಹಾಗಾದರೆ ಹಲ್ಲು ಹುಳುಕಾಗದಿದ್ದುದೇಕೆ? ಸಿಹಿಯನ್ನು ತಿಂದಾಗ ಬಾಯಿಯ ಸೂಕ್ಷ್ಮಜೀವಿಗಳು ಆಮ್ಲವನ್ನು ಉಂಟುಮಾಡುತ್ತವೆ. ಅದು ಹಲ್ಲಿನ ಗಟ್ಟಿ ಮೇಲ್ಪದರವನ್ನು ಕರಗಿಸುತ್ತದೆ. ಫ್ಲೋರೈಡ್ ಆ ಪದರಕ್ಕೆ ಆಮ್ಲವನ್ನು ತಡೆಯುವ ಶಕ್ತಿಯನ್ನು ಕೊಡುತ್ತದೆ. ಲೀಟರಿಗೆ ಸುಮಾರು 1 ಮಿಲಿಗ್ರಾಂ ಇದ್ದರೆ ಕಲೆ ಎದ್ದುಕಾಣದೆ ಹಲ್ಲಿಗೆ ರಕ್ಷಣೆ ದೊರೆಯುವುದೆಂದು ಡೀನ್ ಎಂಬ ಸರ್ಕಾರಿ ದಂತವೈದ್ಯರು ಊರೂರು ಪರಿಶೀಲಿಸಿ ಕಂಡುಕೊಂಡರು. 1945ರಲ್ಲಿ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದ ನೀರಿಗೆ ಆ ಪ್ರಮಾಣದಲ್ಲಿ ಫ್ಲೋರೈಡ್ ಬೆರೆಸಲಾಯಿತು. 11 ವರ್ಷಗಳ ತರುವಾಯ, ಆಮೇಲೆ ಹುಟ್ಟಿದ ಮಕ್ಕಳಲ್ಲಿ ಹುಳುಕು ಶೇಕಡಾ 60ಕ್ಕಿಂತ ಹೆಚ್ಚು ಇಳಿದಿತ್ತು. ಅದನ್ನು ನೋಡುವ ಭಾಗ್ಯ ಮೆಕೇ ಅವರಿಗೆ ದೊರೆಯಿತು. ಅವರು 1959ರಲ್ಲಿ ನಿಧನರಾದರು.