ಚಾರ್ಲ್ಸ್ ಎಫ್. ಕೆಟರಿಂಗ್

ಚಾರ್ಲ್ಸ್ ಫ್ರಾಂಕ್ಲಿನ್ ಕೆಟರಿಂಗ್ (ಜನನ: ಆಗಸ್ಟ್ 29, 1876, ಮರಣ: ನವೆಂಬರ್ 1958) ಅಮೆರಿಕ ಸಂಯುಕ್ತ ಸಂಸ್ಥಾನದ ಎಂಜಿನಿಯರ್, ಆವಿಷ್ಕಾರಕ ಹಾಗೂ ಉದ್ಯಮಿ. ಮೋಟಾರು ವಾಹನಗಳ ಬ್ಯಾಟರಿ ಚಾಲಿತ ಇಗ್ನಿಷನ್ ವ್ಯವಸ್ಥೆ ಮತ್ತು ವಿದ್ಯುತ್ ಸೆಲ್ಫ್ ಸ್ಟಾರ್ಟರ್ ಅವರ ಪ್ರಮುಖ ಕೊಡುಗೆಗಳು. ಕಾಯಿಲ್, ಕಾಂಟ್ಯಾಕ್ಟ್ ಪಾಯಿಂಟ್, ಕಂಡೆನ್ಸರ್ ಮತ್ತು ಡಿಸ್ಟ್ರಿಬ್ಯೂಟರ್‌ಗಳನ್ನು ಒಳಗೊಂಡ ಇಗ್ನಿಷನ್ ವ್ಯವಸ್ಥೆಯನ್ನು ಎಂಜಿನಿಯರಿಂಗ್ ಗ್ರಂಥಗಳಲ್ಲಿ ಇಂದಿಗೂ ಕೆಟರಿಂಗ್ ಇಗ್ನಿಷನ್ ಎಂದೇ ಕರೆಯಲಾಗುತ್ತದೆ. ಅವರು ಡೆಲ್ಕೋ ಸಂಸ್ಥೆಯ ಸಹಸ್ಥಾಪಕರು. 1920ರಿಂದ 1947ರವರೆಗೆ ಜನರಲ್ ಮೋಟಾರ್ಸ್ ಸಂಸ್ಥೆಯ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದರು. ಸೀಸಯುಕ್ತ ಪೆಟ್ರೋಲ್ ಬಳಕೆಗೆ ಬಂದುದೂ ಅವರ ನೇತೃತ್ವದಲ್ಲಿಯೇ ಆದ್ದರಿಂದ ಅವರ ಸಾಧನೆಯ ಮೌಲ್ಯಮಾಪನ ವಿವಾದಕ್ಕೆ ಹೊರತಾಗಿಲ್ಲ.

ಜನನ ಮತ್ತು ವಿದ್ಯಾಭ್ಯಾಸ

ಕೆಟರಿಂಗ್ ಅವರು ಒಹಾಯೋ ರಾಜ್ಯದ ಲೌಡನ್‌ವಿಲ್ ಎಂಬ ಊರಿನ ಸಮೀಪದ ಕೃಷಿಕ ಕುಟುಂಬದಲ್ಲಿ ಜನಿಸಿದರು. ಬಾಲ್ಯದಿಂದಲೂ ಅವರ ದೃಷ್ಟಿ ದುರ್ಬಲವಾಗಿತ್ತು. ಓದಲು ಕುಳಿತರೆ ತಲೆನೋವು ಬರುತ್ತಿತ್ತು. ಶಾಲೆಯನ್ನು ಮುಗಿಸಿದ ಬಳಿಕ ಕೆಲಕಾಲ ಗ್ರಾಮೀಣ ಶಾಲೆಗಳಲ್ಲಿ ಶಿಕ್ಷಕರಾಗಿ ದುಡಿದರು. ಮೊದಲು ವೂಸ್ಟರ್ ಕಾಲೇಜಿನಲ್ಲಿಯೂ ಅನಂತರ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿಯೂ ವ್ಯಾಸಂಗ ಮಾಡಿದರು. ಕಣ್ಣಿನ ತೊಂದರೆ ಉಲ್ಬಣಿಸಿದ್ದರಿಂದ ನಡುವೆ ಓದನ್ನು ನಿಲ್ಲಿಸಿ, ದೂರವಾಣಿ ತಂತಿ ಎಳೆಯುವ ತಂಡದ ಮೇಸ್ತ್ರಿಯಾಗಿ ಕೆಲಸ ಮಾಡಬೇಕಾಯಿತು. ಕಂಬ ನೆಟ್ಟು ತಂತಿ ಜೋಡಿಸುವ ಈ ಕೆಲಸವು ವಿದ್ಯುತ್ ವಿಷಯದಲ್ಲಿ ಅವರಿಗೆ ಪ್ರಾಯೋಗಿಕ ಅನುಭವವನ್ನು ನೀಡಿತು. ವಿಶ್ವವಿದ್ಯಾಲಯಕ್ಕೆ ಮರಳಿದಾಗ ಸಹಪಾಠಿಗಳು ಪಠ್ಯಗಳನ್ನು ಅವರಿಗೆ ಓದಿ ಹೇಳುತ್ತಿದ್ದರು. 1904ರಲ್ಲಿ ವಿದ್ಯುತ್ ಎಂಜಿನಿಯರಿಂಗ್ ಪದವಿ ಪಡೆದರು. 1905ರಲ್ಲಿ ಆಲಿವ್ ವಿಲಿಯಮ್ಸ್ ಅವರನ್ನು ವಿವಾಹವಾದರು. ಈ ದಂಪತಿಗಳ ಏಕೈಕ ಪುತ್ರ ಯೂಜೀನ್ 1908ರಲ್ಲಿ ಜನಿಸಿದರು.

ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಸಂಸ್ಥೆಯಲ್ಲಿ

ಪದವಿಯ ನಂತರ ಕೆಟರಿಂಗ್ ಅವರು ಡೇಟನ್ ನಗರದ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಸಂಸ್ಥೆಯ ಸಂಶೋಧನಾ ವಿಭಾಗವನ್ನು ಸೇರಿದರು. ಅಂಗಡಿಗಳ ಹಣಪೆಟ್ಟಿಗೆಯನ್ನು ಅಲ್ಲಿಯವರೆಗೆ ಕೈಯಿಂದ ತಿರುಗಿಸಬೇಕಾಗಿತ್ತು. ಅವರು ಅದಕ್ಕೆ ಸಣ್ಣ ವಿದ್ಯುತ್ ಮೋಟಾರನ್ನು ಅಳವಡಿಸಿದರು. ಕ್ಷಣಕಾಲ ಮಾತ್ರ ದುಡಿಯಬೇಕಾದ ಮೋಟಾರಿಗೆ ಅದರ ನಿರಂತರ ಸಾಮರ್ಥ್ಯಕ್ಕಿಂತ ಹೆಚ್ಚಿನ ಹೊರೆಯನ್ನು ಹೊರಿಸಬಹುದೆಂಬ ತಿಳಿವಳಿಕೆ ಮುಂದೆ ಸೆಲ್ಫ್ ಸ್ಟಾರ್ಟರಿನ ನಿರ್ಮಾಣದಲ್ಲಿ ಉಪಯುಕ್ತವಾಯಿತು. ಗ್ರಾಹಕರ ಸಾಲದ ಅರ್ಹತೆಯನ್ನು ದೂರವಾಣಿಯ ಮೂಲಕ ಪರಿಶೀಲಿಸುವ ವ್ಯವಸ್ಥೆಯನ್ನೂ ಅವರು ಇದೇ ಅವಧಿಯಲ್ಲಿ ರೂಪಿಸಿದರು. 1909ರಲ್ಲಿ ಈ ಸಂಸ್ಥೆಯನ್ನು ತೊರೆದರು.

ಡೆಲ್ಕೋ ಮತ್ತು ಬ್ಯಾಟರಿ ಇಗ್ನಿಷನ್

ಸಹೋದ್ಯೋಗಿ ಎಡ್ವರ್ಡ್ ಡೀಡ್ಸ್ ಅವರ ಮನೆಯ ಹಿಂದಿದ್ದ ಕೊಟ್ಟಿಗೆಯಲ್ಲಿ ಕೆಟರಿಂಗ್ ಮತ್ತು ಅವರ ಸಂಗಡಿಗರು ಮೋಟಾರು ವಾಹನಗಳ ವಿದ್ಯುತ್ ಉಪಕರಣಗಳ ಮೇಲೆ ಪ್ರಯೋಗ ನಡೆಸುತ್ತಿದ್ದರು. 1909ರಲ್ಲಿ ಡೀಡ್ಸ್ ಮತ್ತು ಕೆಟರಿಂಗ್ ಅವರು ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿಯನ್ನು ಸ್ಥಾಪಿಸಿದರು. ಅದರ ಸಂಕ್ಷಿಪ್ತ ರೂಪವೇ ಡೆಲ್ಕೋ.

ಆ ಕಾಲದ ಕಾರುಗಳಲ್ಲಿ ಪೆಟ್ರೋಲ್ ಮಿಶ್ರಣವನ್ನು ಹೊತ್ತಿಸಲು ಮ್ಯಾಗ್ನೆಟೋ ಅಥವಾ ಕಂಪಿಸುವ ಕಾಯಿಲ್‌ಗಳನ್ನು ಬಳಸಲಾಗುತ್ತಿತ್ತು. ಎಂಜಿನ್ ನಿಧಾನವಾಗಿ ತಿರುಗುವಾಗ ಮ್ಯಾಗ್ನೆಟೋ ನೀಡುವ ಕಿಡಿ ದುರ್ಬಲವಾಗಿರುತ್ತಿತ್ತು. ಕಂಪಿಸುವ ಕಾಯಿಲ್ ಒಂದೇ ಸ್ಫೋಟಕ್ಕೆ ಕಿಡಿಗಳ ಸುರಿಮಳೆಯನ್ನೇ ಉಂಟುಮಾಡುತ್ತಿದ್ದುದರಿಂದ ಒಣಕೋಶಗಳು ಬೇಗನೆ ಬರಿದಾಗುತ್ತಿದ್ದವು. ಅಗತ್ಯವಾದ ಕ್ಷಣದಲ್ಲಿ ಒಂದೇ ಒಂದು ಬಲವಾದ ಕಿಡಿಯನ್ನು ನೀಡುವ ಏರ್ಪಾಡನ್ನು ಕೆಟರಿಂಗ್ ರೂಪಿಸಿದರು. ಕ್ಯಾಡಿಲಾಕ್ ಸಂಸ್ಥೆಯ ಮುಖ್ಯಸ್ಥ ಹೆನ್ರಿ ಲೇಲ್ಯಾಂಡ್ ಅವರು ಇದನ್ನು ಒಪ್ಪಿ ಸಾವಿರಾರು ಘಟಕಗಳಿಗೆ ಬೇಡಿಕೆ ಸಲ್ಲಿಸಿದರು. 1910ರ ಮಾದರಿಯ ಕ್ಯಾಡಿಲಾಕ್ ಕಾರುಗಳಲ್ಲಿ ಈ ವ್ಯವಸ್ಥೆ ಬಳಕೆಗೆ ಬಂದಿತು.

ಕಾರ್ಯವಿಧಾನ

ಪೂರ್ಣವಾಗಿ ವಿಕಾಸಗೊಂಡ ಕೆಟರಿಂಗ್ ಇಗ್ನಿಷನ್ ಸರಳ ತತ್ತ್ವದ ಮೇಲೆ ಕೆಲಸ ಮಾಡುತ್ತದೆ. ಪಾಯಿಂಟ್‌ಗಳು ಮುಚ್ಚಿರುವಾಗ ಬ್ಯಾಟರಿಯ ವಿದ್ಯುತ್ತು ಕಾಯಿಲ್‌ನ ಪ್ರಾಥಮಿಕ ಸುರುಳಿಯಲ್ಲಿ ಹರಿದು ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಡಿಸ್ಟ್ರಿಬ್ಯೂಟರಿನ ಕ್ಯಾಮ್ ಪಾಯಿಂಟ್‌ಗಳನ್ನು ತೆರೆದೊಡನೆ ಕಾಂತಕ್ಷೇತ್ರ ಕುಸಿಯುತ್ತದೆ; ಆಗ ದ್ವಿತೀಯಕ ಸುರುಳಿಯಲ್ಲಿ ಸಾವಿರಾರು ವೋಲ್ಟ್‌ಗಳ ಒತ್ತಡ ಉಂಟಾಗುತ್ತದೆ. ಕಂಡೆನ್ಸರ್ ಪಾಯಿಂಟ್‌ಗಳ ನಡುವೆ ಕಿಡಿ ಹಾರದಂತೆ ತಡೆದು, ಕಾಂತಕ್ಷೇತ್ರ ಥಟ್ಟನೆ ಕುಸಿಯಲು ನೆರವಾಗುತ್ತದೆ. ಈ ಅಧಿಕ ವೋಲ್ಟೇಜನ್ನು ಡಿಸ್ಟ್ರಿಬ್ಯೂಟರಿನ ಒಳಗೆ ತಿರುಗುವ ರೋಟರ್ ಕ್ಯಾಪ್‌ನ ಅಂಚಿನಲ್ಲಿರುವ ತುದಿಗಳಿಗೆ ಒಂದಾದ ಮೇಲೊಂದರಂತೆ ತಲುಪಿಸುತ್ತದೆ. ಅಲ್ಲಿಂದ ಅದು ತಂತಿಗಳ ಮೂಲಕ ಆಯಾ ಸಿಲಿಂಡರಿನ ಸ್ಪಾರ್ಕ್ ಪ್ಲಗ್‌ಗೆ ಸೇರುತ್ತದೆ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರ್ ಕ್ರ್ಯಾಂಕ್ ಶಾಫ್ಟಿನ ಅರ್ಧ ವೇಗದಲ್ಲಿ ತಿರುಗುತ್ತದೆ.

ಸವೆತ, ದುರಸ್ತಿ ಮತ್ತು ಬದಲಾವಣೆ

ಈ ವ್ಯವಸ್ಥೆಯ ದೌರ್ಬಲ್ಯವಿರುವುದು ಅದರ ಯಾಂತ್ರಿಕ ಸ್ಪರ್ಶದಲ್ಲಿ. ಪ್ರತಿ ಕಿಡಿಗೂ ಪಾಯಿಂಟ್‌ಗಳು ಒಮ್ಮೆ ತೆರೆದು ಮುಚ್ಚಬೇಕಾಗುವುದರಿಂದ ಅವುಗಳ ಮುಖ ಸುಟ್ಟು ಗುಳಿ ಬೀಳುತ್ತದೆ. ಕ್ಯಾಮ್‌ಗೆ ಉಜ್ಜುವ ತುಂಡು ಸವೆದಂತೆ ಪಾಯಿಂಟ್‌ಗಳ ನಡುವಿನ ಅಂತರ ಕಿರಿದಾಗಿ ಕಿಡಿ ತಡವಾಗಿ ಹಾರುತ್ತದೆ. ಕಂಡೆನ್ಸರ್ ಕೆಟ್ಟರೆ ಹೊಸ ಪಾಯಿಂಟ್‌ಗಳೂ ಅಲ್ಪಕಾಲದಲ್ಲಿ ಸುಟ್ಟುಹೋಗುತ್ತವೆ. ಆದ್ದರಿಂದ ಇವೆರಡನ್ನೂ ಒಟ್ಟಿಗೆ ಬದಲಾಯಿಸುವುದು ರೂಢಿಯಾಯಿತು. ಕ್ಯಾಪ್ ಬಿರುಕುಬಿಟ್ಟರೆ ಅಥವಾ ಅದರೊಳಗೆ ತೇವ ಸೇರಿದರೆ ಕಿಡಿ ಅಡ್ಡದಾರಿ ಹಿಡಿದು ಎಂಜಿನ್ ಮಿಸ್ ಹೊಡೆಯುತ್ತದೆ. ಶಾಫ್ಟಿನ ಬುಷ್‌ಗಳು ಸವೆದು ಶಾಫ್ಟ್ ಅಲುಗತೊಡಗಿದರೆ ಪಾಯಿಂಟ್ ಅಂತರ ಸ್ಥಿರವಾಗಿ ನಿಲ್ಲುವುದಿಲ್ಲ. ಆಗ ಬುಷ್‌ಗಳನ್ನು ಹೊಸದಾಗಿ ಕೂರಿಸುವುದು ಅಥವಾ ಡಿಸ್ಟ್ರಿಬ್ಯೂಟರನ್ನೇ ಬದಲಾಯಿಸುವುದು ಅನಿವಾರ್ಯ.

ಜನರಲ್ ಮೋಟಾರ್ಸ್ ಸಂಸ್ಥೆಯ ಹಳೆಯ ಷೆವರ್ಲೆ ಟ್ರಕ್ಕುಗಳಲ್ಲಿ ಈ ಕೆಲಸಕ್ಕೆ ನಿರ್ದಿಷ್ಟ ಕ್ರಮವಿದೆ. ಡಿಸ್ಟ್ರಿಬ್ಯೂಟರನ್ನು ಹೊರತೆಗೆಯುವ ಮೊದಲು ರೋಟರ್ ಮುಖಮಾಡಿದ ದಿಕ್ಕನ್ನೂ ಹೊರಕವಚದ ಸ್ಥಾನವನ್ನೂ ಗುರುತು ಹಾಕಲಾಗುತ್ತದೆ. ಅನಂತರ ಎಂಜಿನ್ನನ್ನು ತಿರುಗಿಸಬಾರದು. ಕೆಳತುದಿಯ ಗೇರಿನ ಹಲ್ಲುಗಳು ಓರೆಯಾಗಿರುವುದರಿಂದ ಮೇಲೆತ್ತುವಾಗ ರೋಟರ್ ತುಸು ತಿರುಗುತ್ತದೆ. ಮರಳಿ ಕೂರಿಸುವಾಗ ಅಷ್ಟನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಇದೇ ಶಾಫ್ಟ್ ಆಯಿಲ್ ಪಂಪನ್ನೂ ತಿರುಗಿಸುವುದರಿಂದ ಅದರ ಕೊಂಡಿ ಸರಿಯಾಗಿ ಕೂರದಿದ್ದರೆ ಡಿಸ್ಟ್ರಿಬ್ಯೂಟರ್ ಪೂರ್ತಿ ಕೆಳಗಿಳಿಯುವುದಿಲ್ಲ. ಪ್ಲಗ್ ತಂತಿಗಳನ್ನು ಎಂಜಿನ್ನಿನ ಫೈರಿಂಗ್ ಕ್ರಮಕ್ಕೆ ಅನುಗುಣವಾಗಿ ಜೋಡಿಸಿ, ಕೊನೆಯಲ್ಲಿ ಟೈಮಿಂಗ್ ಲೈಟ್ ಹಿಡಿದು ಕಿಡಿಯ ಸಮಯವನ್ನು ಸರಿಪಡಿಸಲಾಗುತ್ತದೆ.

ಸವೆಯುವ ಭಾಗಗಳೆಲ್ಲವೂ ಚಿಕ್ಕವು ಮತ್ತು ಬಿಡಿಯಾಗಿ ದೊರೆಯುವಂಥವು. ಸರಳ ಸಲಕರಣೆಗಳಿಂದ ಅವುಗಳನ್ನು ಬದಲಾಯಿಸಬಹುದು. ಈ ವಿನ್ಯಾಸವು ಆರು ದಶಕಗಳಿಗೂ ಹೆಚ್ಚು ಕಾಲ ಬಳಕೆಯಲ್ಲಿ ಉಳಿಯಲು ಇದು ಮುಖ್ಯ ಕಾರಣ. ಭಾರತದಲ್ಲಿ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿಯ ಪೆಟ್ರೋಲ್ ಕಾರುಗಳು ಇದೇ ತತ್ತ್ವದ ಇಗ್ನಿಷನ್ ಹೊಂದಿದ್ದವು. ಫ್ರೆಂಚ್ ಮತ್ತು ಸ್ಪ್ಯಾನಿಷ್ ಭಾಷೆಗಳಲ್ಲಿ ಯಾವುದೇ ಸಂಸ್ಥೆಯ ಡಿಸ್ಟ್ರಿಬ್ಯೂಟರಿಗೂ ಡೆಲ್ಕೋ ಎಂಬ ಹೆಸರೇ ರೂಢಿಯಲ್ಲಿದೆ.

ಸೆಲ್ಫ್ ಸ್ಟಾರ್ಟರ್

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಾರಿನ ಎಂಜಿನ್ನನ್ನು ಮುಂಭಾಗದ ಹ್ಯಾಂಡಲ್ ತಿರುಗಿಸಿ ಚಾಲೂ ಮಾಡಬೇಕಾಗಿತ್ತು. ಕಿಡಿ ಅಕಾಲದಲ್ಲಿ ಹಾರಿದರೆ ಹ್ಯಾಂಡಲ್ ಹಿಮ್ಮುಖವಾಗಿ ತಿರುಗಿ ಕೈ ಅಥವಾ ದವಡೆಯ ಮೂಳೆ ಮುರಿಯುತ್ತಿತ್ತು. ಲೇಲ್ಯಾಂಡ್ ಅವರ ಕೋರಿಕೆಯಂತೆ ಕೆಟರಿಂಗ್ ತಂಡವು 1911ರಲ್ಲಿ ವಿದ್ಯುತ್ ಸ್ಟಾರ್ಟರನ್ನು ಸಿದ್ಧಪಡಿಸಿತು. ಎಂಜಿನ್ನನ್ನು ತಿರುಗಿಸಲು ಅದರಷ್ಟೇ ದೊಡ್ಡ ಮೋಟಾರು ಬೇಕಾದೀತೆಂಬುದು ಅಂದಿನ ತಜ್ಞರ ಅಭಿಪ್ರಾಯವಾಗಿತ್ತು. ಹಣಪೆಟ್ಟಿಗೆಯ ಅನುಭವದ ಬಲದಿಂದ ಕೆಟರಿಂಗ್ ಅವರು ಸಣ್ಣ ಮೋಟಾರನ್ನೇ ಬಳಸಿದರು. ಎಂಜಿನ್ ಚಾಲೂ ಆದ ನಂತರ ಅದೇ ಯಂತ್ರ ಜನರೇಟರ್ ಆಗಿ ಬ್ಯಾಟರಿಯನ್ನು ತುಂಬುತ್ತಿತ್ತು. ಹೀಗೆ ಸ್ಟಾರ್ಟಿಂಗ್, ಇಗ್ನಿಷನ್ ಮತ್ತು ದೀಪಗಳು ಒಂದೇ ವಿದ್ಯುತ್ ವ್ಯವಸ್ಥೆಯ ಅಂಗಗಳಾದವು.

1912ರ ಮಾದರಿಯ ಕ್ಯಾಡಿಲಾಕ್ ಕಾರುಗಳಲ್ಲಿ ಇದನ್ನು ಅಳವಡಿಸಲಾಯಿತು. ಇದಕ್ಕಾಗಿ ಕ್ಯಾಡಿಲಾಕ್ ಸಂಸ್ಥೆಗೆ ಬ್ರಿಟನ್ನಿನ ಡ್ಯೂವರ್ ಟ್ರೋಫಿ ಎರಡನೆಯ ಬಾರಿಗೆ ಲಭಿಸಿತು. ಹ್ಯಾಂಡಲ್ ತಿರುಗಿಸುವಷ್ಟು ತೋಳ್ಬಲವಿಲ್ಲದವರೂ ಕಾರು ಚಲಾಯಿಸಬಹುದಾದ್ದರಿಂದ ಪೆಟ್ರೋಲ್ ಕಾರುಗಳ ಬಳಕೆ ವಿಸ್ತರಿಸಿತು. ವಿದ್ಯುತ್ ಕಾರುಗಳು ಹಿಂದೆ ಸರಿಯಲು ಇದೂ ಒಂದು ಕಾರಣವಾಯಿತು.

ಜನರಲ್ ಮೋಟಾರ್ಸ್ ಸಂಸ್ಥೆಯಲ್ಲಿ

1916ರಲ್ಲಿ ಡೆಲ್ಕೋ ಸಂಸ್ಥೆಯನ್ನು ಯುನೈಟೆಡ್ ಮೋಟಾರ್ಸ್ ಖರೀದಿಸಿತು. 1918ರಲ್ಲಿ ಅದು ಜನರಲ್ ಮೋಟಾರ್ಸ್‌ನಲ್ಲಿ ವಿಲೀನವಾಯಿತು. ಸಂಶೋಧನಾ ವಿಭಾಗದ ಮುಖ್ಯಸ್ಥರಾದ ಕೆಟರಿಂಗ್ ಅವರು ಬೇಗ ಒಣಗುವ ಡ್ಯೂಕೋ ಬಣ್ಣ ಹಾಗೂ ಹಗುರವಾದ ಎರಡು ಸ್ಟ್ರೋಕಿನ ಡೀಸೆಲ್ ಎಂಜಿನ್ನುಗಳ ಅಭಿವೃದ್ಧಿಗೆ ಮಾರ್ಗದರ್ಶನ ನೀಡಿದರು. ಈ ಡೀಸೆಲ್ ಎಂಜಿನ್ನುಗಳು 1934ರ ಪಯೊನಿಯರ್ ಝೆಫಿರ್ ರೈಲಿನಲ್ಲಿ ಬಳಕೆಯಾಗಿ, ಅಮೆರಿಕದ ರೈಲುಗಳಲ್ಲಿ ಉಗಿಯಂತ್ರಗಳ ಅಂತ್ಯಕ್ಕೆ ನಾಂದಿ ಹಾಡಿದವು. ಪುತ್ರ ಯೂಜೀನ್ ಕೂಡ ಈ ಕೆಲಸದಲ್ಲಿ ಪಾಲ್ಗೊಂಡಿದ್ದರು.

ಅವರ ಎಲ್ಲ ಯೋಜನೆಗಳೂ ಸಫಲವಾಗಲಿಲ್ಲ. ನೀರಿನ ಬದಲು ಗಾಳಿಯಿಂದ ತಣಿಯುವ, ತಾಮ್ರದ ರೆಕ್ಕೆಗಳುಳ್ಳ ಎಂಜಿನ್ನನ್ನು 1923ರಲ್ಲಿ ಷೆವರ್ಲೆ ಕಾರುಗಳಲ್ಲಿ ಅಳವಡಿಸಲಾಗಿತ್ತು. ಅದು ಅತಿಯಾಗಿ ಬಿಸಿಯಾಗುತ್ತಿದ್ದುದರಿಂದ ಅದೇ ವರ್ಷ ಆ ಕಾರುಗಳನ್ನು ಹಿಂದಕ್ಕೆ ಪಡೆಯಲಾಯಿತು.

ಸೀಸಯುಕ್ತ ಪೆಟ್ರೋಲ್

ಬ್ಯಾಟರಿ ಇಗ್ನಿಷನ್ ಬಳಕೆಗೆ ಬಂದ ಮೇಲೆ ಎಂಜಿನ್ನಿನೊಳಗೆ ಕೇಳಿಬರುತ್ತಿದ್ದ ನಾಕಿಂಗ್ ಎಂಬ ಬಡಿತಕ್ಕೆ ಆ ಇಗ್ನಿಷನ್ನೇ ಕಾರಣವೆಂದು ಟೀಕಾಕಾರರು ಆರೋಪಿಸಿದ್ದರು. ಇದನ್ನು ಪರಿಶೀಲಿಸಲು ಕೆಟರಿಂಗ್ ಅವರು 1916ರಲ್ಲಿ ಥಾಮಸ್ ಮಿಡ್ಜ್ಲಿ ಅವರನ್ನು ನಿಯೋಜಿಸಿದರು. ಬಡಿತದ ಮೂಲ ಕಿಡಿಯಲ್ಲಿರದೆ ಇಂಧನದಲ್ಲಿದೆ ಎಂಬುದು ಸಂಶೋಧನೆಯಿಂದ ಸ್ಪಷ್ಟವಾಯಿತು. ಅನೇಕ ವಸ್ತುಗಳ ಪರೀಕ್ಷೆಯ ನಂತರ, 1921ರ ಡಿಸೆಂಬರಿನಲ್ಲಿ ಟೆಟ್ರಾಎಥಿಲ್ ಸೀಸವು ಬಡಿತವನ್ನು ತಡೆಯುತ್ತದೆಂದು ಕಂಡುಬಂದಿತು. 1923ರಲ್ಲಿ ಡೇಟನ್ನಿನಲ್ಲಿ ಈ ಪೆಟ್ರೋಲಿನ ಮಾರಾಟ ಆರಂಭವಾಯಿತು. 1924ರಲ್ಲಿ ಜನರಲ್ ಮೋಟಾರ್ಸ್ ಮತ್ತು ನ್ಯೂಜೆರ್ಸಿಯ ಸ್ಟ್ಯಾಂಡರ್ಡ್ ಆಯಿಲ್ ಸಂಸ್ಥೆಗಳು ಜೊತೆಗೂಡಿ ಸ್ಥಾಪಿಸಿದ ಎಥಿಲ್ ಸಂಸ್ಥೆಗೆ ಕೆಟರಿಂಗ್ ಮೊದಲ ಅಧ್ಯಕ್ಷರಾದರು.

ಸೀಸ ವಿಷಕಾರಿ ಎಂಬುದು ಆಗಲೇ ತಿಳಿದಿತ್ತು. ಮದ್ಯಸಾರ ಬೆರೆಸಿದರೂ ಬಡಿತ ಕಡಿಮೆಯಾಗುತ್ತದೆಂಬುದನ್ನು ಇದೇ ತಂಡ ದಾಖಲಿಸಿತ್ತು. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಸಂಸ್ಕರಣಾಗಾರದಲ್ಲಿ ಸೀಸದ ವಿಷಬಾಧೆಯಿಂದ ಐವರು ಕಾರ್ಮಿಕರು ಮೃತಪಟ್ಟರು. ಮರುವರ್ಷ ಮಾರಾಟವನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಯಿತಾದರೂ 1926ರಲ್ಲಿ ಪುನರಾರಂಭಿಸಲಾಯಿತು. ವಾಹನಗಳ ಹೊಗೆಯ ಮೂಲಕ ಹರಡಿದ ಸೀಸವು ವಿಶೇಷವಾಗಿ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿಕರವೆಂದು ಮುಂದಿನ ದಶಕಗಳ ಅಧ್ಯಯನಗಳು ತೋರಿಸಿಕೊಟ್ಟವು. ಭಾರತದಲ್ಲಿ ಸೀಸಯುಕ್ತ ಪೆಟ್ರೋಲಿನ ಮಾರಾಟ 2000ದಲ್ಲಿ ಕೊನೆಗೊಂಡಿತು. 2021ರಲ್ಲಿ ಅಲ್ಜೀರಿಯ ಅದನ್ನು ಕೈಬಿಟ್ಟಾಗ ರಸ್ತೆ ವಾಹನಗಳಲ್ಲಿ ಇದರ ಬಳಕೆ ಜಗತ್ತಿನಾದ್ಯಂತ ನಿಂತಿತು.

ಮಿಡ್ಜ್ಲಿ ಮತ್ತು ಸಂಗಡಿಗರು ಶೀತಕ ಯಂತ್ರಗಳಿಗಾಗಿ ಫ್ರಿಯಾನ್ ಅನಿಲವನ್ನು ರೂಪಿಸಿದ್ದೂ ಕೆಟರಿಂಗ್ ಅವರ ಕಾಲದಲ್ಲಿಯೇ. ಈ ವರ್ಗದ ಅನಿಲಗಳಿಂದ ಓಝೋನ್ ಪದರಕ್ಕೆ ಧಕ್ಕೆಯಾಗುತ್ತಿದೆ ಎಂಬುದು ಅವರ ಮರಣಾನಂತರ ಪತ್ತೆಯಾಯಿತು.

ದತ್ತಿ ಕಾರ್ಯಗಳು, ಗೌರವಗಳು ಮತ್ತು ನಿಧನ

1927ರಲ್ಲಿ ಕೆಟರಿಂಗ್ ಪ್ರತಿಷ್ಠಾನ ಸ್ಥಾಪನೆಯಾಯಿತು. ಸಸ್ಯಗಳ ದ್ಯುತಿಸಂಶ್ಲೇಷಣೆಯ ಸಂಶೋಧನೆಗೆ ಅವರು ಆರ್ಥಿಕ ನೆರವು ನೀಡಿದರು. 1945ರಲ್ಲಿ ಆಲ್ಫ್ರೆಡ್ ಸ್ಲೋನ್ ಅವರೊಡನೆ ನ್ಯೂಯಾರ್ಕಿನಲ್ಲಿ ಸ್ಲೋನ್-ಕೆಟರಿಂಗ್ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಸ್ಥಾಪನೆಗೆ ಕಾರಣರಾದರು. ಪತ್ನಿ ಆಲಿವ್ 1946ರಲ್ಲಿ ನಿಧನರಾದರು. ಕೆಟರಿಂಗ್ ಅವರ ಹೆಸರಿನಲ್ಲಿ 186 ಪೇಟೆಂಟುಗಳಿವೆ. ಡೇಟನ್ ಸಮೀಪದ ನಗರವೊಂದಕ್ಕೂ ಮಿಷಿಗನ್ ರಾಜ್ಯದ ಫ್ಲಿಂಟ್ ನಗರದ ವಿಶ್ವವಿದ್ಯಾಲಯಕ್ಕೂ ಅವರ ಹೆಸರನ್ನಿಡಲಾಗಿದೆ. 1958ರ ನವೆಂಬರಿನಲ್ಲಿ, ತಮ್ಮ 82ನೆಯ ವಯಸ್ಸಿನಲ್ಲಿ ಅವರು ನಿಧನ ಹೊಂದಿದರು.

ಪರಂಪರೆ

ಜನರಲ್ ಮೋಟಾರ್ಸ್ ಸಂಸ್ಥೆಯು 1975ರ ಮಾದರಿಯ ಅಮೆರಿಕದ ಕಾರುಗಳಲ್ಲಿ ಪಾಯಿಂಟ್‌ಗಳ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಅಳವಡಿಸಿತು. ಅದೇ ವರ್ಷದ ಬಹುತೇಕ ಕಾರುಗಳಲ್ಲಿ ಸೀಸರಹಿತ ಪೆಟ್ರೋಲನ್ನೇ ಬೇಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಬಂದಿತು. ಹೀಗೆ ಕೆಟರಿಂಗ್ ಅವರ ಎರಡು ಕೊಡುಗೆಗಳು ಹೊಸ ಕಾರುಗಳಿಂದ ಏಕಕಾಲದಲ್ಲಿ ನಿರ್ಗಮಿಸತೊಡಗಿದವು. ಮುಂದೆ ಪ್ರತಿ ಪ್ಲಗ್ಗಿಗೂ ಪ್ರತ್ಯೇಕ ಕಾಯಿಲ್ ಬಂದು ಡಿಸ್ಟ್ರಿಬ್ಯೂಟರ್ ಕೂಡ ಮರೆಯಾಯಿತು. ಆದರೆ ಪ್ರಾಥಮಿಕ ಸುರುಳಿಯ ವಿದ್ಯುತ್ತನ್ನು ತಡೆದು ದ್ವಿತೀಯಕ ಸುರುಳಿಯಲ್ಲಿ ಕಿಡಿ ಪಡೆಯುವ ಮೂಲತತ್ತ್ವ ಇಂದಿನ ಪೆಟ್ರೋಲ್ ಎಂಜಿನ್ನುಗಳಲ್ಲಿಯೂ ಮುಂದುವರಿದಿದೆ. ಹಳೆಯ ಟ್ರಕ್ಕು ಮತ್ತು ಕಾರುಗಳನ್ನು ಸುಸ್ಥಿತಿಯಲ್ಲಿ ಉಳಿಸಿಕೊಂಡವರಿಗಾಗಿ ಪಾಯಿಂಟ್, ಕಂಡೆನ್ಸರ್, ರೋಟರ್ ಮತ್ತು ಕ್ಯಾಪ್‌ಗಳು ಈಗಲೂ ತಯಾರಾಗುತ್ತಿವೆ.