ದಡ ಸೇರದ ಡೊನಾಲ್ಡ್ ಕ್ರೌಹರ್ಸ್ಟ್

1932ರಲ್ಲಿ ದೆಹಲಿ ಸಮೀಪದ ಗಾಜಿಯಾಬಾದಿನಲ್ಲಿ ಜನಿಸಿದ ಬ್ರಿಟಿಷ್ ಉದ್ಯಮಿ ಡೊನಾಲ್ಡ್ ಕ್ರೌಹರ್ಸ್ಟ್ ಹವ್ಯಾಸಿ ನಾವಿಕರಷ್ಟೇ. ನಷ್ಟದಲ್ಲಿದ್ದ ಉದ್ಯಮವನ್ನು ಉಳಿಸಿಕೊಳ್ಳಲು ಮನೆಯನ್ನೂ ಒತ್ತೆಯಿಟ್ಟು, ಎಲ್ಲಿಯೂ ನಿಲ್ಲದೆ ಏಕಾಂಗಿಯಾಗಿ ಭೂಪ್ರದಕ್ಷಿಣೆ ಮಾಡುವ ‘ಗೋಲ್ಡನ್ ಗ್ಲೋಬ್’ ಹಾಯಿದೋಣಿ ಸ್ಪರ್ಧೆಗಿಳಿದರು. 1968ರ ಅಕ್ಟೋಬರ್ 31, ಗಡುವಿನ ಕಡೆಯ ದಿನ, ಅರೆಬರೆ ಸಿದ್ಧವಾಗಿದ್ದ ದೋಣಿಯಲ್ಲಿ ಇಂಗ್ಲೆಂಡಿನಿಂದ ಹೊರಟರು.

ದೋಣಿ ಸೋರತೊಡಗಿತು. ಮುಂದೆ ಸಾವು, ಹಿಂದೆ ದಿವಾಳಿ. ಅಟ್ಲಾಂಟಿಕ್‌ನಲ್ಲೇ ಸುತ್ತಾಡುತ್ತ, ಬಹುದೂರ ಸಾಗಿರುವುದಾಗಿ ರೇಡಿಯೋ ಮೂಲಕ ಸುಳ್ಳು ವರದಿ ಕಳುಹಿಸಿದರು. ಈ ವಂಚನೆಯ ಪೆಟ್ಟು ಮೊದಲು ಬಿದ್ದದ್ದು ಬೇರೊಬ್ಬರಿಗೆ. ಅದನ್ನು ನಂಬಿ ವೇಗ ಹೆಚ್ಚಿಸಿದ ನೈಜೆಲ್ ಟೆಟ್ಲಿ ಅವರ ದೋಣಿ 1969ರ ಮೇ ತಿಂಗಳಲ್ಲಿ ಮುಳುಗಿತು, ಟೆಟ್ಲಿ ಬದುಕುಳಿದರು.

ಇನ್ನು ವೇಗದ ಬಹುಮಾನ ತಪ್ಪದು, ದಿನಚರಿಯ ತಪಾಸಣೆಯೂ ತಪ್ಪದು. ಜುಲೈ 1ರಂದು ಬರವಣಿಗೆ ನಿಂತಿತು. 10ರಂದು ಸಿಕ್ಕ ದೋಣಿಯಲ್ಲಿ ಅವರಿರಲಿಲ್ಲ. ಸ್ಪರ್ಧೆ ಪೂರೈಸಿದ ಏಕೈಕ ನಾವಿಕ ರಾಬಿನ್ ನಾಕ್ಸ್-ಜಾನ್‌ಸ್ಟನ್ ತಮ್ಮ 5,000 ಪೌಂಡ್ ಬಹುಮಾನವನ್ನು ಕ್ರೌಹರ್ಸ್ಟ್ ಅವರ ಪತ್ನಿ, ಮಕ್ಕಳಿಗೆ ನೀಡಿದರು.